ಆರ್ಸೆನಲ್ ಕ್ಲಬ್ಬಿನ ಬೇಸಿಗೆ ವರ್ಗಾವಣೆಗಳು ಮತ್ತು ಅಭಿಮಾನಿಗಳ ಅಸಮಾಧಾನ

ಉತ್ತರ ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ಬು 2006ರಲ್ಲಿ ಹೊಸ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡ ನಂತರದ ವರ್ಷಗಳಲ್ಲಿ, ಬೇಸಿಗೆಯ ವರ್ಗಾವಣೆ ಅವಧಿಯಲ್ಲಿ ಅದು ಆಟಗಾರರನ್ನು ಕೊಂಡ ಮತ್ತು ಮಾರಿದ ರೀತಿಯ ಬಗ್ಗೆ ಅದರ ಅಭಿಮಾನಿಗಳಲ್ಲಿ ದೀರ್ಘಕಾಲದ ಅಸಮಾಧಾನ ಬೆಳೆಯಿತು. ಪ್ರಮುಖ ಆಟಗಾರರು ಒಬ್ಬೊಬ್ಬರಾಗಿ ಪ್ರತಿಸ್ಪರ್ಧಿ ಕ್ಲಬ್‌ಗಳಿಗೆ ಹೋದದ್ದು, ಅವರ ಸ್ಥಾನಕ್ಕೆ ಬರಬೇಕಾದವರ ಖರೀದಿ ಅವಧಿಯ ಕೊನೆಯ ದಿನಗಳವರೆಗೆ ಎಳೆದದ್ದು, ಬ್ಯಾಂಕಿನಲ್ಲಿ ಹಣವಿದ್ದರೂ ಅದನ್ನು ಬಳಸಲಿಲ್ಲವೆಂಬ ಭಾವನೆ ಮತ್ತು ಟಿಕೆಟ್ ದರದ ಏರಿಕೆ ಇದರ ಮುಖ್ಯ ಕಾರಣಗಳು. 2011, 2013 ಮತ್ತು 2015ರ ಬೇಸಿಗೆಗಳು ಈ ಅಸಮಾಧಾನದ ಪ್ರಮುಖ ಘಟ್ಟಗಳು. ವರ್ಗಾವಣೆಗಳ ಕುರಿತ ಈ ದೂರು ಕ್ರಮೇಣ ಮ್ಯಾನೇಜರ್ ಆರ್ಸೆನ್ ವೆಂಗರ್ ಅವರ ಮುಂದುವರಿಕೆ, ಕ್ಲಬ್ಬಿನ ಒಡೆತನ ಮತ್ತು ಅಭಿಮಾನಿಗಳಿಗಿರುವ ಹಕ್ಕುಗಳ ಕುರಿತ ವಿವಾದವಾಗಿ ವಿಸ್ತರಿಸಿತು.

ವರ್ಗಾವಣೆ ಅವಧಿ

ಫುಟ್‌ಬಾಲ್‌ನಲ್ಲಿ ಒಪ್ಪಂದ ಜಾರಿಯಲ್ಲಿರುವ ಆಟಗಾರನನ್ನು ಮತ್ತೊಂದು ಕ್ಲಬ್ಬು ಪಡೆಯಬೇಕಾದರೆ ಸಾಮಾನ್ಯವಾಗಿ ಅವನ ಕ್ಲಬ್ಬಿಗೆ ವರ್ಗಾವಣೆ ಶುಲ್ಕ ತೆರಬೇಕು. ಯುರೋಪಿಯನ್ ನ್ಯಾಯಾಲಯವು 1995ರ ಡಿಸೆಂಬರ್‌ನಲ್ಲಿ ನೀಡಿದ ಬೋಸ್ಮನ್ ತೀರ್ಪಿನ ನಂತರ, ಒಪ್ಪಂದ ಮುಗಿದ ಆಟಗಾರ ಯಾವುದೇ ಶುಲ್ಕವಿಲ್ಲದೆ ತನಗಿಷ್ಟವಾದ ಕ್ಲಬ್ಬಿಗೆ ಹೋಗಬಹುದಾಯಿತು. ಇದರಿಂದಾಗಿ ಒಪ್ಪಂದದ ಕೊನೆಯ ವರ್ಷ ನಿರ್ಣಾಯಕವಾಯಿತು. ಆ ಹಂತದಲ್ಲಿರುವ ಆಟಗಾರ ಹೊಸ ಒಪ್ಪಂದಕ್ಕೆ ಸಹಿ ಹಾಕಲು ಒಪ್ಪದಿದ್ದರೆ, ಕ್ಲಬ್ಬು ಅವನನ್ನು ಆ ಬೇಸಿಗೆಯಲ್ಲೇ ಸಿಕ್ಕ ಬೆಲೆಗೆ ಮಾರಬೇಕು, ಇಲ್ಲವೇ ಮರುವರ್ಷ ಬರಿಗೈಯಲ್ಲಿ ಕಳೆದುಕೊಳ್ಳಬೇಕು.

2002–03ರ ಋತುವಿನಿಂದ ಫೀಫಾ ವರ್ಗಾವಣೆಗಳನ್ನು ವರ್ಷಕ್ಕೆ ಎರಡು ನಿಗದಿತ ಅವಧಿಗಳಿಗೆ ಸೀಮಿತಗೊಳಿಸಿತು. ಇಂಗ್ಲೆಂಡಿನಲ್ಲಿ ಬೇಸಿಗೆಯ ಅವಧಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರ್ ಆರಂಭಕ್ಕೆ ಮುಗಿಯುತ್ತದೆ. ಚಳಿಗಾಲದ ಅವಧಿ ಜನವರಿಯಲ್ಲಿ ಬರುತ್ತದೆ. ಲೀಗ್ ಪಂದ್ಯಗಳು ಆಗಸ್ಟ್ ಮಧ್ಯಭಾಗದಲ್ಲಿ ಆರಂಭವಾಗುವುದರಿಂದ ಮೊದಲ ಎರಡು ಮೂರು ಪಂದ್ಯಗಳ ಹೊತ್ತಿಗೆ ಮಾರುಕಟ್ಟೆ ಇನ್ನೂ ತೆರೆದಿರುತ್ತದೆ. ಈ ಎರಡು ವಾರಗಳಲ್ಲಿ ಮೈದಾನದ ಸೋಲು ಮತ್ತು ಖರೀದಿಯ ವಿಳಂಬ ಒಂದಕ್ಕೊಂದು ತಳುಕು ಹಾಕಿಕೊಳ್ಳುತ್ತವೆ. ಆರ್ಸೆನಲ್ ಅಭಿಮಾನಿಗಳ ಕೋಪ ಪದೇ ಪದೇ ಸ್ಫೋಟಗೊಂಡದ್ದು ಇದೇ ದಿನಗಳಲ್ಲಿ.

ಹಿನ್ನೆಲೆ

ಹೈಬರಿಯಿಂದ ಎಮಿರೇಟ್ಸ್‌ಗೆ

ಆರ್ಸೆನಲ್ 1913ರಿಂದ 2006ರವರೆಗೆ ಹೈಬರಿ ಕ್ರೀಡಾಂಗಣದಲ್ಲಿ ಆಡಿತು. ಸುತ್ತ ಮನೆಗಳಿದ್ದ ಆ ಕ್ರೀಡಾಂಗಣದಲ್ಲಿ ಸುಮಾರು 38,000 ಪ್ರೇಕ್ಷಕರಿಗೆ ಮಾತ್ರ ಸ್ಥಳವಿತ್ತು, ವಿಸ್ತರಣೆಗೆ ಅವಕಾಶವಿರಲಿಲ್ಲ. ಟಿಕೆಟ್ ಆದಾಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಕ್ಲಬ್‌ಗಳಿಗೆ ಸರಿಗಟ್ಟಲು ದೊಡ್ಡ ಕ್ರೀಡಾಂಗಣ ಅನಿವಾರ್ಯವೆಂದು ನಿರ್ಧರಿಸಿದ ಆಡಳಿತ ಮಂಡಳಿಯು, ಹತ್ತಿರದ ಆ್ಯಷ್‌ಬರ್ಟನ್ ಗ್ರೋವ್‌ನಲ್ಲಿ 60,000ಕ್ಕೂ ಹೆಚ್ಚು ಆಸನಗಳ ಎಮಿರೇಟ್ಸ್ ಕ್ರೀಡಾಂಗಣವನ್ನು ಕಟ್ಟಿಸಿತು. ಯೋಜನೆಯ ವೆಚ್ಚ ಸುಮಾರು 39 ಕೋಟಿ ಪೌಂಡ್.

ಈ ಮೊತ್ತದ ಬಹುಪಾಲು ಸಾಲದಿಂದ ಬಂದಿತು. 2004ರ ಅಕ್ಟೋಬರ್‌ನಲ್ಲಿ ಎಮಿರೇಟ್ಸ್ ವಿಮಾನಯಾನ ಸಂಸ್ಥೆಯೊಂದಿಗೆ ಸುಮಾರು 10 ಕೋಟಿ ಪೌಂಡ್‌ಗಳ ಪ್ರಾಯೋಜಕತ್ವದ ಒಪ್ಪಂದವಾಯಿತು. ಕ್ರೀಡಾಂಗಣದ ಹೆಸರು ಮತ್ತು ಅಂಗಿಯ ಮೇಲಿನ ಜಾಹೀರಾತು ಎರಡೂ ಇದರಲ್ಲಿ ಸೇರಿದ್ದವು. ತಕ್ಷಣಕ್ಕೆ ಹಣ ಒದಗಿಸಿದ ಈ ಒಪ್ಪಂದವು ಮುಂದಿನ ಹಲವು ವರ್ಷಗಳ ಕಾಲ ಕ್ಲಬ್ಬಿನ ವಾಣಿಜ್ಯ ಆದಾಯವನ್ನು ಹಳೆಯ ದರಕ್ಕೇ ಕಟ್ಟಿಹಾಕಿತು. ಸಾಲದ ಕಂತುಗಳನ್ನು ತೀರಿಸಲು ಪ್ರತಿವರ್ಷ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆಯುವುದು ಅಗತ್ಯವಾಯಿತು. ಸಾಲ ನೀಡಿದ ಬ್ಯಾಂಕುಗಳು ತಾವು ಐದು ವರ್ಷ ಕ್ಲಬ್ಬಿನಲ್ಲೇ ಉಳಿಯುವ ಖಾತರಿ ಕೇಳಿದ್ದವೆಂದು ವೆಂಗರ್ ನಂತರದ ವರ್ಷಗಳಲ್ಲಿ ಹೇಳಿದ್ದಾರೆ.

ಹೊಸ ಕ್ರೀಡಾಂಗಣವಿದ್ದರೆ ಯುರೋಪಿನ ಅತಿ ದೊಡ್ಡ ಕ್ಲಬ್‌ಗಳೊಂದಿಗೆ ಸಮಬಲದಲ್ಲಿ ಸ್ಪರ್ಧಿಸಬಹುದೆಂಬುದು ಅಭಿಮಾನಿಗಳ ಮುಂದಿದ್ದ ನಿರೀಕ್ಷೆ. ಹೈಬರಿಯನ್ನು ಬಿಟ್ಟುಕೊಟ್ಟದ್ದಕ್ಕೂ ದುಬಾರಿ ಟಿಕೆಟ್ ಕೊಂಡದ್ದಕ್ಕೂ ಅದೇ ಪ್ರತಿಫಲವೆಂದು ಅವರು ಭಾವಿಸಿದ್ದರು. ಮುಂದಿನ ವರ್ಷಗಳ ಅಸಮಾಧಾನವನ್ನು ಈ ನಿರೀಕ್ಷೆಯಿಂದ ಬೇರ್ಪಡಿಸಿ ನೋಡಲಾಗದು.

ಪ್ರತಿಸ್ಪರ್ಧಿಗಳ ಬಲ

ಆರ್ಸೆನಲ್ 2003–04ರಲ್ಲಿ ಲೀಗ್‌ನ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದಿತು. 2005ರ ಮೇ ತಿಂಗಳಲ್ಲಿ ಎಫ್‌ಎ ಕಪ್ ಗೆದ್ದ ಬಳಿಕ ಒಂಬತ್ತು ವರ್ಷ ಯಾವುದೇ ಪ್ರಮುಖ ಟ್ರೋಫಿ ಕ್ಲಬ್ಬಿಗೆ ದಕ್ಕಲಿಲ್ಲ. ಇದೇ ಅವಧಿಯಲ್ಲಿ ಇಂಗ್ಲಿಷ್ ಫುಟ್‌ಬಾಲ್‌ನ ಆರ್ಥಿಕ ಸ್ವರೂಪವೇ ಬದಲಾಯಿತು. 2003ರಲ್ಲಿ ರೋಮನ್ ಅಬ್ರಮೋವಿಚ್ ಚೆಲ್ಸಿಯನ್ನು ಕೊಂಡರು. 2008ರಲ್ಲಿ ಮ್ಯಾಂಚೆಸ್ಟರ್ ಸಿಟಿ ಅಬುಧಾಬಿಯ ಒಡೆತನಕ್ಕೆ ಬಂದಿತು. ಸ್ವಂತ ಗಳಿಕೆಯಿಂದಲೇ ನಡೆಯಬೇಕೆಂಬ ನೀತಿಯ ಆರ್ಸೆನಲ್, ಮಾಲೀಕರ ಹಣ ಹರಿದುಬರುತ್ತಿದ್ದ ಕ್ಲಬ್‌ಗಳ ಎದುರು ಆಟಗಾರರನ್ನು ಉಳಿಸಿಕೊಳ್ಳಲು ಹೆಣಗಿತು.

2005ರಲ್ಲಿ ನಾಯಕ ಪ್ಯಾಟ್ರಿಕ್ ವಿಯೆರಾ ಯುವೆಂಟಸ್‌ಗೂ, 2006ರಲ್ಲಿ ಆ್ಯಷ್ಲಿ ಕೋಲ್ ಚೆಲ್ಸಿಗೂ, 2007ರಲ್ಲಿ ತಿಯೆರಿ ಆನ್ರಿ ಬಾರ್ಸಿಲೋನಾಕ್ಕೂ ಹೋದರು. 2009ರಲ್ಲಿ ಎಮ್ಯಾನುಯೆಲ್ ಅಡೆಬಯೋರ್ ಮತ್ತು ಕೋಲೊ ಟೂರೆ ಇಬ್ಬರೂ ಮ್ಯಾಂಚೆಸ್ಟರ್ ಸಿಟಿ ಸೇರಿದರು. ಅನುಭವಿಗಳ ಸ್ಥಾನದಲ್ಲಿ ವೆಂಗರ್ ತರುಣರನ್ನು ಬೆಳೆಸಿದರು. ತಂಡ ಪ್ರತಿವರ್ಷ ಮೊದಲ ನಾಲ್ಕು ಸ್ಥಾನಗಳೊಳಗೆ ಉಳಿಯಿತು. ಆದರೆ ಪ್ರಶಸ್ತಿಯ ಹಂತದಲ್ಲಿ ಹಿಂದೆ ಬೀಳುತ್ತಿತ್ತು.

ಒಡೆತನ

ಅಮೆರಿಕದ ಉದ್ಯಮಿ ಸ್ಟ್ಯಾನ್ ಕ್ರೊಂಕಿ 2007ರಲ್ಲಿ ಆರ್ಸೆನಲ್‌ನ ಷೇರುಗಳನ್ನು ಕೊಳ್ಳತೊಡಗಿ, 2011ರ ಏಪ್ರಿಲ್‌ನಲ್ಲಿ ಬಹುಮತದ ಒಡೆಯರಾದರು. ವರ್ಗಾವಣೆ ಮಾತುಕತೆಗಳಲ್ಲಿ ವೆಂಗರ್ ಅವರಿಗೆ ಒತ್ತಾಸೆಯಾಗಿದ್ದ ಉಪಾಧ್ಯಕ್ಷ ಡೇವಿಡ್ ಡೀನ್ 2007ರ ಏಪ್ರಿಲ್‌ನಲ್ಲೇ ಕ್ಲಬ್ಬನ್ನು ತೊರೆದಿದ್ದರು. ಸುಮಾರು ಶೇ. 30ರಷ್ಟು ಷೇರು ಹೊಂದಿದ್ದ ಅಲಿಷೇರ್ ಉಸ್ಮಾನೋವ್ ಅವರಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನ ದೊರೆಯಲಿಲ್ಲ. 2009ರ ಜನವರಿಯಿಂದ ಇವಾನ್ ಗಜಿಡಿಸ್ ಮುಖ್ಯ ಕಾರ್ಯನಿರ್ವಾಹಕರಾಗಿದ್ದರು.

2011ರ ಬೇಸಿಗೆ

2011ರ ಫೆಬ್ರವರಿಯಲ್ಲಿ ಲೀಗ್ ಕಪ್ ಫೈನಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಗೆ ಸೋತ ಬಳಿಕ ಆರ್ಸೆನಲ್‌ನ ಋತು ಕುಸಿದಿತ್ತು. ಅದೇ ಬೇಸಿಗೆಯಲ್ಲಿ ಟಿಕೆಟ್ ದರವನ್ನು ಶೇ. 6.5ರಷ್ಟು ಏರಿಸಲಾಯಿತು. ಇದರಲ್ಲಿ ಒಂದು ಭಾಗ ಮೌಲ್ಯವರ್ಧಿತ ತೆರಿಗೆಯ ಹೆಚ್ಚಳದಿಂದಾದದ್ದು. ಬೆಲೆ ಏರಿದ ಬೇಸಿಗೆಯಲ್ಲೇ ತಂಡ ಬಡವಾಯಿತು.

ಹದಿನಾರರ ವಯಸ್ಸಿನಲ್ಲಿ ಬಾರ್ಸಿಲೋನಾದಿಂದ ಬಂದು ಆರ್ಸೆನಲ್‌ನ ನಾಯಕನಾಗಿ ಬೆಳೆದಿದ್ದ ಸೆಸ್ಕ್ ಫ್ಯಾಬ್ರೆಗಾಸ್, ಆಗಸ್ಟ್ ಮಧ್ಯದಲ್ಲಿ ಬಾರ್ಸಿಲೋನಾಕ್ಕೆ ಮರಳಿದರು. ಒಪ್ಪಂದದ ಕೊನೆಯ ವರ್ಷದಲ್ಲಿದ್ದ ಸಮೀರ್ ನಸ್ರಿ ಕೆಲವೇ ದಿನಗಳಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿದರು. ಗೇಲ್ ಕ್ಲಿಷಿ ಅದಕ್ಕೂ ಮೊದಲೇ ಅಲ್ಲಿಗೆ ಹೋಗಿದ್ದರು. ಜೆರ್ವಿನ್ಯೊ, ಅಲೆಕ್ಸ್ ಆಕ್ಸ್‌ಲೇಡ್-ಚೇಂಬರ್ಲೇನ್ ಮತ್ತು ಕಾರ್ಲ್ ಜೆಂಕಿನ್ಸನ್ ಬಂದಿದ್ದರೂ ಮಧ್ಯಮೈದಾನದ ಇಬ್ಬರು ಪ್ರಮುಖರ ಸ್ಥಾನ ತೆರವಾಗಿಯೇ ಇತ್ತು.

ಲೀಗ್‌ನ ಮೊದಲ ಪಂದ್ಯ ನ್ಯೂಕಾಸಲ್ ವಿರುದ್ಧ ಗೋಲಿಲ್ಲದೆ ಸಮವಾಯಿತು. ಎರಡನೆಯದನ್ನು ಸ್ವಂತ ಮೈದಾನದಲ್ಲಿ ಲಿವರ್‌ಪೂಲ್‌ಗೆ 0–2ರಿಂದ ಸೋತಿತು. ಆಗಸ್ಟ್ 28ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 8–2ರಿಂದ ಆರ್ಸೆನಲ್ ತಂಡವನ್ನು ಮಣಿಸಿತು. ಗಾಯ ಮತ್ತು ಅಮಾನತುಗಳಿಂದ ಹಲವರು ಅಂದು ಲಭ್ಯವಿರಲಿಲ್ಲ. ಆರ್ಸೆನಲ್ ಒಂದೇ ಪಂದ್ಯದಲ್ಲಿ ಎಂಟು ಗೋಲು ಬಿಟ್ಟುಕೊಟ್ಟದ್ದು 1896ರ ನಂತರ ಅದೇ ಮೊದಲು. ಅಂದು ಮ್ಯಾಂಚೆಸ್ಟರ್‌ಗೆ ಪ್ರಯಾಣಿಸಿದ್ದ ಅಭಿಮಾನಿಗಳಿಗೆ ಮುಂದಿನ ಒಂದು ಹೊರಮೈದಾನದ ಪಂದ್ಯದ ಟಿಕೆಟನ್ನು ಉಚಿತವಾಗಿ ನೀಡುವುದಾಗಿ ಕ್ಲಬ್ಬು ಪ್ರಕಟಿಸಿತು.

ಇದಾದ ಮೂರು ದಿನಗಳೊಳಗೆ ಐವರು ಆಟಗಾರರು ಬಂದರು:

• ಪಾರ್ಕ್ ಚು-ಯಂಗ್, ಮೊನಾಕೊದಿಂದ
• ಪೇರ್ ಮೆರ್ಟೆಸಾಕರ್, ವೆರ್ಡರ್ ಬ್ರೆಮನ್‌ನಿಂದ
• ಆಂಡ್ರೆ ಸಾಂಟೋಸ್, ಫೆನರ್‌ಬಾಚೆಯಿಂದ
• ಮಿಕೆಲ್ ಆರ್ಟೆಟಾ, ಎವರ್ಟನ್‌ನಿಂದ
• ಯೋಸಿ ಬೆನಯೂನ್, ಚೆಲ್ಸಿಯಿಂದ ಒಂದು ಋತುವಿನ ಎರವಲಿನ ಮೇಲೆ

ಜೂನ್ ತಿಂಗಳಲ್ಲೇ ಮಾಡಬಹುದಾಗಿದ್ದ ಕೆಲಸವನ್ನು ಭಾರಿ ಸೋಲಿನ ಬಳಿಕ ಗಾಬರಿಯಲ್ಲಿ ಮಾಡಲಾಯಿತೆಂಬ ಟೀಕೆ ವ್ಯಾಪಕವಾಗಿ ಕೇಳಿಬಂದಿತು. ಆದರೂ ಆರ್ಟೆಟಾ ಮತ್ತು ಮೆರ್ಟೆಸಾಕರ್ ದೀರ್ಘಕಾಲ ತಂಡದ ಆಧಾರಸ್ತಂಭಗಳಾಗಿ ಇಬ್ಬರೂ ನಾಯಕತ್ವ ವಹಿಸಿದರು. ಪಾರ್ಕ್ ಅವರಿಗೆ ಲೀಗ್‌ನಲ್ಲಿ ಆಡುವ ಅವಕಾಶವೇ ವಿರಳವಾಯಿತು. ಮೂರು ಪಂದ್ಯಗಳ ನಂತರ ಪಟ್ಟಿಯಲ್ಲಿ 17ನೆಯ ಸ್ಥಾನದಲ್ಲಿದ್ದ ಆರ್ಸೆನಲ್ ಋತುವಿನ ಕೊನೆಗೆ ಮೂರನೆಯ ಸ್ಥಾನ ಪಡೆಯಿತು.

2012ರ ಬೇಸಿಗೆ

2011–12ರಲ್ಲಿ 30 ಗೋಲು ಹೊಡೆದು ಲೀಗ್‌ನ ಅಗ್ರ ಗೋಲುಗಾರನಾಗಿದ್ದ ನಾಯಕ ರಾಬಿನ್ ವಾನ್ ಪರ್ಸಿ ಅವರ ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿತ್ತು. 2012ರ ಜುಲೈ ಆರಂಭದಲ್ಲಿ ಅವರು ಬಹಿರಂಗ ಹೇಳಿಕೆ ನೀಡಿ, ಕ್ಲಬ್ಬು ಮುಂದೆ ಸಾಗಬೇಕಾದ ದಾರಿಯ ಬಗ್ಗೆ ತಮಗೂ ಆಡಳಿತಕ್ಕೂ ಭಿನ್ನಾಭಿಪ್ರಾಯವಿದೆ, ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿದರು. ಆಗಸ್ಟ್‌ನಲ್ಲಿ ಅವರನ್ನು ಸುಮಾರು 2.4 ಕೋಟಿ ಪೌಂಡ್‌ಗಳಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೇ ಮಾರಲಾಯಿತು. ಅದೇ ತಿಂಗಳು ಅಲೆಕ್ಸ್ ಸಾಂಗ್ ಬಾರ್ಸಿಲೋನಾಕ್ಕೆ ಹೋದರು.

ಹಿಂದಿನ ವರ್ಷದಂತೆ ಈ ಸಲ ಖರೀದಿ ತಡವಾಗಲಿಲ್ಲ; ಲೂಕಾಸ್ ಪೊಡೊಲ್ಸ್ಕಿ, ಒಲಿವಿಯೆ ಜಿರೂ ಮತ್ತು ಸಾಂಟಿ ಕಜೋರ್ಲಾ ವಾನ್ ಪರ್ಸಿ ಹೊರಡುವ ಮೊದಲೇ ಬಂದಿದ್ದರು. ಅಭಿಮಾನಿಗಳನ್ನು ನೋಯಿಸಿದ್ದು ಸಂಖ್ಯೆಯ ಕೊರತೆಯಲ್ಲ, ನಾಯಕನನ್ನು ನೇರ ಎದುರಾಳಿಗೆ ಒಪ್ಪಿಸಿದ ಸಂಗತಿ. ವಾನ್ ಪರ್ಸಿ 26 ಗೋಲು ಹೊಡೆದು ಮತ್ತೆ ಅಗ್ರ ಗೋಲುಗಾರನಾಗಿ ಯುನೈಟೆಡ್‌ಗೆ ಪ್ರಶಸ್ತಿ ತಂದುಕೊಟ್ಟರು. 2013ರ ಏಪ್ರಿಲ್ 28ರಂದು ಎಮಿರೇಟ್ಸ್‌ಗೆ ಬಂದ ಆ ಚಾಂಪಿಯನ್ ತಂಡವನ್ನು ಆರ್ಸೆನಲ್ ಆಟಗಾರರು ವಾಡಿಕೆಯಂತೆ ಎರಡು ಸಾಲಾಗಿ ನಿಂತು ಗೌರವಿಸಬೇಕಾಯಿತು. ಪಂದ್ಯ 1–1ರಿಂದ ಸಮವಾಯಿತು. ಯುನೈಟೆಡ್‌ನ ಗೋಲನ್ನು ಪೆನಾಲ್ಟಿಯಿಂದ ಹೊಡೆದವರು ವಾನ್ ಪರ್ಸಿ.

2013ರ ಬೇಸಿಗೆ

2012ರ ನವೆಂಬರ್‌ನಲ್ಲಿ ಎಮಿರೇಟ್ಸ್ ಜೊತೆಗಿನ ಒಪ್ಪಂದವನ್ನು ಸುಮಾರು 15 ಕೋಟಿ ಪೌಂಡ್‌ಗಳಿಗೆ ನವೀಕರಿಸಲಾಯಿತು. 2013ರ ಜೂನ್‌ನಲ್ಲಿ ಗಜಿಡಿಸ್, ಕ್ಲಬ್ಬಿನ ಆರ್ಥಿಕ ಸಾಮರ್ಥ್ಯ ಹೆಚ್ಚುತ್ತಿದ್ದು ದೊಡ್ಡ ಖರೀದಿಗಳು ಇನ್ನು ಸಾಧ್ಯ ಎಂಬ ಅರ್ಥದ ಮಾತನ್ನಾಡಿದರು. ಸಾಲ ತೀರಿಸುವ ಕಷ್ಟದ ಕಾಲ ಮುಗಿಯಿತೆಂದು ಅಭಿಮಾನಿಗಳು ಇದನ್ನು ಗ್ರಹಿಸಿದರು.

ಬಳಿಕ ನಡೆದದ್ದು ಬೇರೆ. ರಿಯಲ್ ಮ್ಯಾಡ್ರಿಡ್‌ನ ಗೊಂಜಾಲೊ ಹಿಗ್ವೈನ್ ಅವರಿಗಾಗಿ ನಡೆದ ಪ್ರಯತ್ನ ಫಲಿಸದೆ ಅವರು ನಾಪೋಲಿ ಸೇರಿದರು. ಲಿವರ್‌ಪೂಲ್‌ನ ಲೂಯಿಸ್ ಸುವಾರೆಸ್ ಅವರ ಒಪ್ಪಂದದಲ್ಲಿ ನಾಲ್ಕು ಕೋಟಿ ಪೌಂಡ್ ಮೀರಿದ ಬೆಲೆಗೆ ಸಂಬಂಧಿಸಿದ ಷರತ್ತಿದೆಯೆಂದು ತಿಳಿದ ಆರ್ಸೆನಲ್ 4,00,00,001 ಪೌಂಡ್‌ಗಳ ಪ್ರಸ್ತಾವ ಮುಂದಿಟ್ಟಿತು. ಲಿವರ್‌ಪೂಲ್ ಮಾರಲು ನಿರಾಕರಿಸಿತು. ಅದರ ಮಾಲೀಕರು ಈ ಪ್ರಸ್ತಾವವನ್ನು ಸಾರ್ವಜನಿಕವಾಗಿ ಲೇವಡಿ ಮಾಡಿದರು. ನಾಲ್ಕು ಕೋಟಿಯ ಮೇಲಿನ ಆ ಒಂದು ಪೌಂಡ್ ಆರ್ಸೆನಲ್‌ನ ವರ್ಗಾವಣೆ ವಿಧಾನದ ಬಗ್ಗೆ ಮುಂದೆ ಎಷ್ಟೋ ವರ್ಷ ನಗೆಯ ವಸ್ತುವಾಗಿ ಉಳಿಯಿತು.

ಆಗಸ್ಟ್ 17ರಂದು ಲೀಗ್‌ನ ಮೊದಲ ಪಂದ್ಯಕ್ಕೆ ಇಳಿಯುವಾಗ ಆರ್ಸೆನಲ್‌ಗೆ ಬಂದಿದ್ದ ಹೊಸಬರು ಶುಲ್ಕವಿಲ್ಲದೆ ಸೇರಿದ ತರುಣ ಫಾರ್ವರ್ಡ್ ಯಾಯಾ ಸನೋಗೊ ಒಬ್ಬರೇ. ಆ್ಯಸ್ಟನ್ ವಿಲಾ ಆ ಪಂದ್ಯವನ್ನು 3–1ರಿಂದ ಗೆದ್ದಿತು. ಹಣ ಖರ್ಚು ಮಾಡಿ ಎಂಬ ಕೂಗು ಎಮಿರೇಟ್ಸ್‌ನಲ್ಲಿ ಎದ್ದಿತು. ಪಂದ್ಯ ಮುಗಿದಾಗ ಪ್ರೇಕ್ಷಕರು ತಮ್ಮದೇ ತಂಡವನ್ನು ಛೀಮಾರಿಯೊಂದಿಗೆ ಬೀಳ್ಕೊಟ್ಟರು.

ಅವಧಿಯ ಕೊನೆಯ ದಿನವಾದ ಸೆಪ್ಟೆಂಬರ್ 2ರಂದು ರಿಯಲ್ ಮ್ಯಾಡ್ರಿಡ್‌ನಿಂದ ಮೆಸುಟ್ ಓಜಿಲ್ ಸುಮಾರು 4.25 ಕೋಟಿ ಪೌಂಡ್‌ಗಳಿಗೆ ಬಂದರು. ಕ್ಲಬ್ಬಿನ ಅದುವರೆಗಿನ ದಾಖಲೆ 2009ರ ಫೆಬ್ರವರಿಯಲ್ಲಿ ಆಂದ್ರೆ ಅರ್ಶಾವಿನ್ ಅವರಿಗೆ ತೆತ್ತ ಸುಮಾರು 1.5 ಕೋಟಿ ಪೌಂಡ್ ಆಗಿತ್ತು. ಅಂದು ರಾತ್ರಿ ಕ್ರೀಡಾಂಗಣದ ಹೊರಗೆ ಅಭಿಮಾನಿಗಳು ನೆರೆದು ಸಂಭ್ರಮಿಸಿದರು. ಹದಿನೈದು ದಿನಗಳ ಹಿಂದೆ ಧಿಕ್ಕಾರ ಕೂಗಿದ ಜನರೇ ಹೀಗೆ ಕುಣಿದದ್ದು, ಅವರ ಕೋಪದ ಮೂಲ ಬೆಲೆಗಿಂತ ಹೆಚ್ಚಾಗಿ ಆಡಳಿತದ ಮಹತ್ವಾಕಾಂಕ್ಷೆಯ ಕುರಿತ ಸಂಶಯದಲ್ಲಿತ್ತೆಂಬುದನ್ನು ಸೂಚಿಸುತ್ತದೆ.

ಅದೇ ಬೇಸಿಗೆಯಲ್ಲಿ ನೆರೆಯ ಎದುರಾಳಿ ಟಾಟನ್‌ಹ್ಯಾಮ್ ಹಾಟ್ಸ್‌ಪರ್, ಗ್ಯಾರೆತ್ ಬೇಲ್ ಅವರನ್ನು ಮಾರಿ ಏಳು ಹೊಸ ಆಟಗಾರರನ್ನು ಕೊಂಡಿತು. ಡಿಸೆಂಬರ್‌ನಲ್ಲಿ ಅದರ ಮ್ಯಾನೇಜರ್ ಹುದ್ದೆ ಕಳೆದುಕೊಂಡರು. ತಂಡ ಆರನೆಯ ಸ್ಥಾನಕ್ಕೆ ಕುಸಿಯಿತು. ಆರ್ಸೆನಲ್ ನಾಲ್ಕನೆಯ ಸ್ಥಾನ ಪಡೆದು, 2014ರ ಮೇ 17ರಂದು ಹಲ್ ಸಿಟಿಯನ್ನು 3–2ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿತು.

2014 ಮತ್ತು 2015ರ ಬೇಸಿಗೆಗಳು

2014ರಲ್ಲಿ ಅಲೆಕ್ಸಿಸ್ ಸ್ಯಾಂಚೆಸ್ ಬಾರ್ಸಿಲೋನಾದಿಂದ ಬಂದರು. ಖರ್ಚಿನ ಬಗ್ಗೆ ಆ ವರ್ಷ ದೂರು ಕಡಿಮೆಯಿತ್ತು. ಆದರೆ ಥಾಮಸ್ ವರ್ಮೇಲನ್ ಬಾರ್ಸಿಲೋನಾಕ್ಕೆ ಹೋದ ಬಳಿಕ ಅವರ ಬದಲಿಗೆ ಅನುಭವಿ ಸೆಂಟರ್-ಬ್ಯಾಕ್ ಒಬ್ಬರನ್ನು ತರದಿದ್ದದ್ದು ಟೀಕೆಗೆ ಗುರಿಯಾಯಿತು. 2015ರ ಮೇ ತಿಂಗಳಲ್ಲಿ ಆರ್ಸೆನಲ್ ಮತ್ತೆ ಎಫ್‌ಎ ಕಪ್ ಗೆದ್ದಿತು.

2015ರ ಬೇಸಿಗೆಯಲ್ಲಿ ಚೆಲ್ಸಿಯಿಂದ ಗೋಲ್‌ಕೀಪರ್ ಪೆಟ್ರ್ ಚೆಕ್ ಬಂದರು. ಅವರನ್ನು ಬಿಟ್ಟರೆ ಹಿರಿಯರ ತಂಡಕ್ಕೆ ಮತ್ತಾರೂ ಸೇರಲಿಲ್ಲ. ಯುರೋಪಿನ ಐದು ಪ್ರಮುಖ ಲೀಗ್‌ಗಳಲ್ಲಿ ಆ ಬೇಸಿಗೆ ಗೋಲ್‌ಕೀಪರ್ ಹೊರತು ಬೇರೆ ಆಟಗಾರನನ್ನು ಕೊಳ್ಳದ ಕ್ಲಬ್ಬು ಆರ್ಸೆನಲ್ ಮಾತ್ರ. ಇರುವವರಿಗಿಂತ ಉತ್ತಮರು ದೊರೆತರೆ ಮಾತ್ರ ಕೊಳ್ಳುವುದೆಂಬ ನಿಲುವನ್ನು ವೆಂಗರ್ ಮುಂದಿಟ್ಟರು.

ಈ ನಿರ್ಧಾರದ ಬೆಲೆ ಋತುವಿನ ಮಧ್ಯದಲ್ಲಿ ತಿಳಿಯಿತು. ಫ್ರಾನ್ಸಿಸ್ ಕೊಕ್ಲಾನ್ ಮತ್ತು ಕಜೋರ್ಲಾ ಗಾಯಗೊಂಡು ಹೊರಗುಳಿದರು; ಜ್ಯಾಕ್ ವಿಲ್ಶರ್ ಬಹುತೇಕ ಇಡೀ ಋತು ಆಡಲಾಗಲಿಲ್ಲ. ಚೆಲ್ಸಿ, ಮ್ಯಾಂಚೆಸ್ಟರ್‌ನ ಎರಡೂ ಕ್ಲಬ್‌ಗಳು ಎಡವಿದ ಆ ವರ್ಷ ಪ್ರಶಸ್ತಿ ಲೆಸ್ಟರ್ ಸಿಟಿಯ ಪಾಲಾಯಿತು. ಆರ್ಸೆನಲ್ ಹತ್ತು ಅಂಕ ಹಿಂದುಳಿದು ಎರಡನೆಯ ಸ್ಥಾನ ಪಡೆಯಿತು. ಲೆಸ್ಟರ್‌ನ ಗೆಲುವಿನಲ್ಲಿ ಪ್ರಮುಖ ಪಾತ್ರ ವಹಿಸಿದ ಎನ್‌ಗೊಲೊ ಕಾಂಟೆ ಅದೇ 2015ರ ಬೇಸಿಗೆಯಲ್ಲಿ ಫ್ರಾನ್ಸಿನ ಕಾನ್ ಕ್ಲಬ್ಬಿನಿಂದ ಬಂದವರು. ಕೊಳ್ಳಲು ಯೋಗ್ಯರಾದವರೇ ಇರಲಿಲ್ಲವೆಂಬ ವಾದಕ್ಕೆ ಈ ಉದಾಹರಣೆಯನ್ನು ಅಭಿಮಾನಿಗಳು ಮತ್ತೆ ಮತ್ತೆ ಎದುರಿಡುತ್ತಿದ್ದರು.

2016 ಮತ್ತು 2017ರ ಬೇಸಿಗೆಗಳು

2016ರ ಆಗಸ್ಟ್ 14ರಂದು ಆರ್ಸೆನಲ್ ಲಿವರ್‌ಪೂಲ್‌ಗೆ ಸ್ವಂತ ಮೈದಾನದಲ್ಲಿ 3–4ರಿಂದ ಸೋತಾಗ, ರಕ್ಷಣೆಯ ನಡುವೆ ಆಡಿದವರು ತರುಣರಾದ ರಾಬ್ ಹೋಲ್ಡಿಂಗ್ ಮತ್ತು ಕ್ಯಾಲಮ್ ಚೇಂಬರ್ಸ್. ವೆಲೆನ್ಸಿಯಾದಿಂದ ಶ್ಕೋದ್ರಾನ್ ಮುಸ್ತಾಫಿ ಬಂದದ್ದು ಆಗಸ್ಟ್ ಕೊನೆಯಲ್ಲಿ.

2017ರಲ್ಲಿ ಅಲೆಕ್ಸಾಂದ್ರ್ ಲಕಜೆಟ್ ಅವರನ್ನು ದಾಖಲೆಯ ಬೆಲೆಗೆ ಕೊಂಡರೂ ಬೇಸಿಗೆಯ ಕೊನೆ ಗೊಂದಲಮಯವಾಗಿತ್ತು. ಆಗಸ್ಟ್ 27ರಂದು ಲಿವರ್‌ಪೂಲ್ 4–0ರಿಂದ ಗೆದ್ದಿತು. ನಾಲ್ಕು ದಿನಗಳ ಬಳಿಕ ಆಕ್ಸ್‌ಲೇಡ್-ಚೇಂಬರ್ಲೇನ್ ಅದೇ ಲಿವರ್‌ಪೂಲ್ ಸೇರಿದರು. ಒಪ್ಪಂದದ ಕೊನೆಯ ವರ್ಷದಲ್ಲಿದ್ದ ಸ್ಯಾಂಚೆಸ್ ಅವರನ್ನು ಮ್ಯಾಂಚೆಸ್ಟರ್ ಸಿಟಿಗೆ ಮಾರುವ ಮಾತುಕತೆ, ಬದಲಿಗೆ ಮೊನಾಕೊದ ಥಾಮಾ ಲೆಮಾರ್ ದೊರೆಯದ ಕಾರಣ ಮುರಿದುಬಿತ್ತು. ವೆಂಗರ್ 2018ರ ಏಪ್ರಿಲ್ 20ರಂದು ತಮ್ಮ ನಿರ್ಗಮನವನ್ನು ಪ್ರಕಟಿಸಿದರು.

ಅಸಮಾಧಾನದ ಮೂಲಗಳು

ಟಿಕೆಟ್ ದರ. ಆರ್ಸೆನಲ್‌ನ ಸೀಸನ್ ಟಿಕೆಟ್ ದರಗಳು ಇಂಗ್ಲೆಂಡಿನಲ್ಲೇ ಅತಿ ದುಬಾರಿಯವುಗಳಲ್ಲಿ ಸೇರಿದ್ದವು. 2014ರಲ್ಲಿ ಅತಿ ಅಗ್ಗದ ಸಾಮಾನ್ಯ ಸೀಸನ್ ಟಿಕೆಟ್ ಸಾವಿರ ಪೌಂಡ್ ಮೀರಿತ್ತು, ಅತಿ ದುಬಾರಿಯದು ಎರಡು ಸಾವಿರ ದಾಟಿತ್ತು. ಕೆಲವು ಕಪ್ ಪಂದ್ಯಗಳೂ ಇದರಲ್ಲಿ ಸೇರಿದ್ದವೆಂಬುದು ಕ್ಲಬ್ಬಿನ ವಿವರಣೆ. 2013ರ ಜನವರಿಯಲ್ಲಿ ಎಮಿರೇಟ್ಸ್‌ಗೆ ಬರಬೇಕಿದ್ದ ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳಿಗೆ ಮೀಸಲಿಟ್ಟಿದ್ದ 62 ಪೌಂಡ್ ಬೆಲೆಯ ಟಿಕೆಟ್‌ಗಳಲ್ಲಿ ನೂರಾರು ಮಾರಾಟವಾಗದೆ ಹಿಂತಿರುಗಿದವು.

ಹಣ ಮೊದಲು, ತಂಡ ಆಮೇಲೆ. ಸೀಸನ್ ಟಿಕೆಟ್ ನವೀಕರಣ ಬೇಸಿಗೆಯ ಆರಂಭದಲ್ಲೇ ಮುಗಿಯುತ್ತದೆ. ವರ್ಗಾವಣೆ ಅವಧಿ ಮುಗಿಯುವುದು ಆಗಸ್ಟ್ ಕೊನೆಗೆ. ಆದ್ದರಿಂದ ಅಭಿಮಾನಿ ಇಡೀ ವರ್ಷದ ಹಣ ತೆರುವಾಗ ತಾನು ನೋಡಲಿರುವ ತಂಡದಲ್ಲಿ ಯಾರಿರುತ್ತಾರೆಂದು ಅವನಿಗೆ ತಿಳಿದಿರುವುದಿಲ್ಲ. ನವೀಕರಿಸದಿದ್ದರೆ ಕಾಯುವ ಪಟ್ಟಿಯಲ್ಲಿರುವವರಿಗೆ ಆಸನ ಹೋಗುತ್ತದೆ. ಅತೃಪ್ತ ಗ್ರಾಹಕನಂತೆ ಬೇರೆ ಅಂಗಡಿಗೆ ಹೋಗುವ ದಾರಿ ಫುಟ್‌ಬಾಲ್ ಅಭಿಮಾನಿಗೆ ಇಲ್ಲ. ತಲೆಮಾರುಗಳಿಂದ ಬಂದ ನಿಷ್ಠೆ ಅವನನ್ನು ಅಲ್ಲೇ ಹಿಡಿದಿಡುತ್ತದೆ.

ನಗದು ಸಂಗ್ರಹ. 2013ರ ಮೇ ಅಂತ್ಯದ ಲೆಕ್ಕಪತ್ರದಲ್ಲಿ ಕ್ಲಬ್ಬಿನ ಬಳಿ 15 ಕೋಟಿ ಪೌಂಡ್‌ಗೂ ಹೆಚ್ಚು ನಗದಿತ್ತು. ಅದನ್ನು ಖರ್ಚು ಮಾಡದಿರುವುದೇಕೆಂಬ ಪ್ರಶ್ನೆ ಪ್ರತಿ ಬೇಸಿಗೆಯಲ್ಲಿ ಎದ್ದಿತು. ಈ ಮೊತ್ತದ ಒಂದು ಭಾಗ ಸಾಲದ ಷರತ್ತಿನಂತೆ ಮೀಸಲಿಡಬೇಕಾದದ್ದು; ಮತ್ತೊಂದು ಭಾಗ ಮುಂಗಡ ಸಂಗ್ರಹವಾದ ಸೀಸನ್ ಟಿಕೆಟ್ ಹಣ, ಅದರಿಂದಲೇ ವರ್ಷದ ಸಂಬಳಗಳು ಹೋಗಬೇಕು. ಇವೆರಡನ್ನು ಕಳೆದರೂ ಗಣನೀಯ ಮೊತ್ತ ಉಳಿಯುತ್ತದೆಂಬುದು ಆರ್ಸೆನಲ್ ಸಪೋರ್ಟರ್ಸ್ ಟ್ರಸ್ಟ್‌ನ ವಾದವಾಗಿತ್ತು. ಕ್ರೊಂಕಿ ಅವರ ಸಂಸ್ಥೆಗೆ ಸಲಹಾ ಸೇವೆಯ ಹೆಸರಿನಲ್ಲಿ 2014 ಮತ್ತು 2015ರಲ್ಲಿ ತಲಾ 30 ಲಕ್ಷ ಪೌಂಡ್ ಪಾವತಿಯಾದದ್ದು ಈ ಟೀಕೆಯನ್ನು ಹರಿತಗೊಳಿಸಿತು.

ಶುಲ್ಕದ ಲೆಕ್ಕಾಚಾರ. ಲೆಕ್ಕಪತ್ರದಲ್ಲಿ ಆಟಗಾರನ ಶುಲ್ಕವನ್ನು ಅವನ ಒಪ್ಪಂದದ ವರ್ಷಗಳಿಗೆ ಹಂಚಲಾಗುತ್ತದೆ. 4.25 ಕೋಟಿ ಪೌಂಡ್ ಶುಲ್ಕದ ಆಟಗಾರ ಐದು ವರ್ಷಗಳ ಒಪ್ಪಂದ ಮಾಡಿಕೊಂಡರೆ ವರ್ಷಕ್ಕೆ 85 ಲಕ್ಷ ಪೌಂಡ್ ವೆಚ್ಚ ಬೀಳುತ್ತದೆ. ಅದರ ಮೇಲೆ ಸಂಬಳ. ಸುದ್ದಿಯಲ್ಲಿ ಕಾಣುವ ಶುಲ್ಕಕ್ಕಿಂತ ಐದು ವರ್ಷಗಳ ಸಂಬಳವೇ ಕೆಲವೊಮ್ಮೆ ಹೆಚ್ಚಿನ ಹೊರೆ. ಆಡಳಿತ ಇದನ್ನೆಲ್ಲ ಸಾರ್ವಜನಿಕವಾಗಿ ವಿವರಿಸುವುದು ವಿರಳವಾದ್ದರಿಂದ, ಅಭಿಮಾನಿಗಳು ಕೊಂಡ ಬೆಲೆಯಿಂದ ಮಾರಿದ ಬೆಲೆ ಕಳೆದು ಉಳಿಯುವ ನಿವ್ವಳ ಖರ್ಚನ್ನೇ ಮಹತ್ವಾಕಾಂಕ್ಷೆಯ ಅಳತೆಗೋಲಾಗಿ ಹಿಡಿದರು.

ಪ್ರತಿಭಟನೆಯ ರೂಪಗಳು

ಬ್ಲ್ಯಾಕ್ ಸ್ಕಾರ್ಫ್ ಮೂವ್‌ಮೆಂಟ್ ಎಂಬ ಗುಂಪು ಟಿಕೆಟ್ ದರ ಮತ್ತು ಒಡೆತನದ ವಿಷಯದಲ್ಲಿ ಮೆರವಣಿಗೆಗಳನ್ನು ನಡೆಸಿತು. 2003ರಲ್ಲಿ ಸ್ಥಾಪನೆಯಾದ ಆರ್ಸೆನಲ್ ಸಪೋರ್ಟರ್ಸ್ ಟ್ರಸ್ಟ್ ಬೇರೆ ದಾರಿ ಹಿಡಿಯಿತು. ಅದು ಲೆಕ್ಕಪತ್ರಗಳನ್ನು ವಿಶ್ಲೇಷಿಸಿತು. ವಾರ್ಷಿಕ ಸಭೆಗಳಲ್ಲಿ ಪ್ರಶ್ನೆ ಕೇಳಿತು. ಬಿಡಿ ಷೇರಿನ ಬೆಲೆ ಸಾಮಾನ್ಯರ ಕೈಗೆಟುಕದ ಕಾರಣ 2010ರಲ್ಲಿ, ಸಣ್ಣ ಮೊತ್ತ ಕೂಡಿಸಿ ಷೇರಿನ ಅಂಶವನ್ನು ಹೊಂದುವ ಯೋಜನೆಯನ್ನು ಆರಂಭಿಸಿತು.

2016ರ ಏಪ್ರಿಲ್ 30ರಂದು ನಾರ್ವಿಚ್ ಸಿಟಿ ವಿರುದ್ಧದ ಪಂದ್ಯದಲ್ಲಿ ಬದಲಾವಣೆಯ ಕಾಲ ಬಂದಿದೆ ಎಂಬ ಅರ್ಥದ ಫಲಕಗಳನ್ನು 12 ಮತ್ತು 78ನೆಯ ನಿಮಿಷಗಳಲ್ಲಿ ಎತ್ತಿಹಿಡಿಯಲಾಯಿತು. ಲೀಗ್ ಗೆದ್ದು 12 ವರ್ಷವಾಯಿತೆಂಬುದು ಆ ನಿಮಿಷಗಳ ಆಯ್ಕೆಯ ಹಿಂದಿದ್ದ ಸಂಕೇತ. ಅಂದು ಕ್ರೀಡಾಂಗಣದ ಮತ್ತೊಂದು ಭಾಗದಿಂದ ವೆಂಗರ್ ಪರ ಹಾಡು ಕೇಳಿಬಂದಿತು. 2017ರ ಮಾರ್ಚ್ 18ರಂದು ವೆಸ್ಟ್ ಬ್ರಾಮ್‌ವಿಚ್ ವಿರುದ್ಧದ ಪಂದ್ಯದ ವೇಳೆ, ವೆಂಗರ್ ಹೋಗಬೇಕೆಂಬ ಬರಹ ಹೊತ್ತ ವಿಮಾನವೂ ಅವರಲ್ಲಿ ವಿಶ್ವಾಸವಿದೆಯೆಂಬ ಬರಹ ಹೊತ್ತ ಇನ್ನೊಂದು ವಿಮಾನವೂ ಮೈದಾನದ ಮೇಲೆ ಹಾರಿದವು. ಅಭಿಮಾನಿ ಸಮುದಾಯ ಎಷ್ಟು ಒಡೆದಿತ್ತೆಂಬುದಕ್ಕೆ ಇದು ಸಾಕ್ಷಿ. ವೆಂಗರ್ ಅವರು ಕೊಟ್ಟ ಗೆಲುವುಗಳನ್ನು ಕಂಡವರೇ ಅವರ ವಿರುದ್ಧ ಫಲಕ ಹಿಡಿಯಬೇಕಾದ ಸಂದಿಗ್ಧ ಹಲವರನ್ನು ಕಾಡಿತು.

ಕ್ಲಬ್ಬಿನ ಸಮರ್ಥನೆ

ಸಾಲದ ಹೊರೆಯ ನಡುವೆಯೂ ಪ್ರತಿವರ್ಷ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ್ದೇ ದೊಡ್ಡ ಸಾಧನೆಯೆಂದು ಕ್ಲಬ್ಬು ವಾದಿಸಿತು. 1998–99ರಿಂದ 2016–17ರವರೆಗೆ 19 ಋತುಗಳಲ್ಲಿ ಆರ್ಸೆನಲ್ ಸತತವಾಗಿ ಆ ಸ್ಪರ್ಧೆಯಲ್ಲಿತ್ತು. ಸಾಲ ಮಾಡಿ ಆಟಗಾರರನ್ನು ಕೊಂಡು 2004ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಲೀಡ್ಸ್ ಯುನೈಟೆಡ್‌ನ ಉದಾಹರಣೆ ಎಲ್ಲರ ಕಣ್ಣೆದುರಿಗಿತ್ತು. ಯುರೋಪಿಯನ್ ಫುಟ್‌ಬಾಲ್ ಒಕ್ಕೂಟವು ಆದಾಯ ಮೀರಿದ ಖರ್ಚನ್ನು ನಿಯಂತ್ರಿಸುವ ನಿಯಮಗಳನ್ನು ತಂದಾಗ, ಮಿತವ್ಯಯದ ಕ್ಲಬ್‌ಗಳಿಗೆ ಅನುಕೂಲವಾಗುವುದೆಂದು ಆರ್ಸೆನಲ್ ಆಡಳಿತ ನಿರೀಕ್ಷಿಸಿತ್ತು. ಆ ನಿರೀಕ್ಷೆ ಅಂದುಕೊಂಡಷ್ಟು ಕೈಗೂಡಲಿಲ್ಲ.

ನಂತರದ ಬೆಳವಣಿಗೆಗಳು

2018ರಲ್ಲಿ ಕ್ರೊಂಕಿ ಅವರು ಉಸ್ಮಾನೋವ್ ಅವರ ಪಾಲನ್ನು ಸುಮಾರು 55 ಕೋಟಿ ಪೌಂಡ್‌ಗಳಿಗೆ ಕೊಂಡರು. ಉಳಿದ ಸಣ್ಣ ಷೇರುದಾರರು ಕಾನೂನಿನಂತೆ ತಮ್ಮ ಷೇರುಗಳನ್ನು ತಲಾ ಸುಮಾರು 29,000 ಪೌಂಡ್‌ಗಳಿಗೆ ಬಿಟ್ಟುಕೊಡಬೇಕಾಯಿತು. ಮನೆತನದಲ್ಲಿ ಉಳಿಸಿಕೊಂಡು ಬಂದ ಷೇರುಗಳನ್ನು ಬೆಲೆ ಎಷ್ಟೇ ಇದ್ದರೂ ಮಾರಲು ಒಪ್ಪದವರಿದ್ದರು. ಅವರಿಗೂ ಆಯ್ಕೆ ಉಳಿಯಲಿಲ್ಲ. ಇದರೊಂದಿಗೆ, ವರ್ಗಾವಣೆಗಳ ಬಗ್ಗೆ ಆಡಳಿತವನ್ನು ಮುಖಾಮುಖಿ ಪ್ರಶ್ನಿಸುವ ವೇದಿಕೆಯಾಗಿದ್ದ ಷೇರುದಾರರ ವಾರ್ಷಿಕ ಸಭೆಯೂ ಇಲ್ಲವಾಯಿತು.

2019ರ ಜುಲೈನಲ್ಲಿ ಹಲವು ಅಭಿಮಾನಿ ಗುಂಪುಗಳು ಒಟ್ಟಾಗಿ, ನಮಗೆ ಕಾಳಜಿಯಿದೆ, ನಿಮಗಿದೆಯೇ ಎಂದು ಮಾಲೀಕರನ್ನು ಕೇಳುವ ಬಹಿರಂಗ ಹೇಳಿಕೆ ಹೊರಡಿಸಿದವು. ಕೆಲವು ವಾರಗಳಲ್ಲಿ ಕ್ಲಬ್ಬು ಲೀಲ್‌ನಿಂದ ನಿಕೊಲಾ ಪೆಪೆ ಅವರನ್ನು ಸುಮಾರು 7.2 ಕೋಟಿ ಪೌಂಡ್‌ಗಳ ದಾಖಲೆ ಬೆಲೆಗೆ ಕೊಂಡಿತು. ಪೆಪೆ ಆ ಬೆಲೆಗೆ ತಕ್ಕಂತೆ ಬೆಳೆಯದೆ, 2023ರಲ್ಲಿ ಯಾವುದೇ ಶುಲ್ಕ ತರದೆ ಕ್ಲಬ್ಬನ್ನು ಬಿಟ್ಟರು.

2021ರ ಬೇಸಿಗೆಯ ಅನುಭವ ಇದಕ್ಕೆ ತದ್ವಿರುದ್ಧ. 2019ರ ಡಿಸೆಂಬರ್‌ನಿಂದ ಮ್ಯಾನೇಜರ್ ಆಗಿದ್ದ ಆರ್ಟೆಟಾ ಅವರ ತಂಡ ಮೊದಲ ಮೂರು ಲೀಗ್ ಪಂದ್ಯಗಳನ್ನು ಒಂದೂ ಗೋಲು ಹೊಡೆಯದೆ ಸೋತಿತು. ಬೆನ್ ವೈಟ್, ಮಾರ್ಟಿನ್ ಓಡೆಗಾರ್ಡ್, ಆ್ಯರನ್ ರ‍್ಯಾಮ್ಸ್‌ಡೇಲ್, ತಾಕೆಹಿರೊ ತೊಮಿಯಾಸು ಮುಂತಾದವರ ಖರೀದಿಯನ್ನು ದುಂದುವೆಚ್ಚವೆಂದು ಹಲವರು ಹಳಿದರು. ಸತತ ಎರಡು ವರ್ಷ ಕೆಳಗಿನ ವಿಭಾಗಕ್ಕೆ ಇಳಿದ ತಂಡಗಳಲ್ಲಿದ್ದ ರ‍್ಯಾಮ್ಸ್‌ಡೇಲ್ ಅವರನ್ನು ಕೊಂಡದ್ದು ವಿಶೇಷವಾಗಿ ಟೀಕೆಗೊಳಗಾಯಿತು. 2022–23ರಲ್ಲಿ ಆರ್ಸೆನಲ್ ಎರಡನೆಯ ಸ್ಥಾನ ಪಡೆದಾಗ ಓಡೆಗಾರ್ಡ್ ನಾಯಕರಾಗಿದ್ದರು. ವೈಟ್ ಮತ್ತು ರ‍್ಯಾಮ್ಸ್‌ಡೇಲ್ ತಂಡದ ಖಾಯಂ ಸದಸ್ಯರಾಗಿದ್ದರು.

ಮೌಲ್ಯಮಾಪನ

ಈ ವರ್ಷಗಳ ಘಟನೆಗಳು ಅಭಿಮಾನಿಗಳ ದೂರನ್ನು ಪೂರ್ತಿ ಸಮರ್ಥಿಸುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ನಿರ್ದಿಷ್ಟ ಆಟಗಾರರ ಬಗ್ಗೆ ಆಗಸ್ಟ್ ತಿಂಗಳಲ್ಲಿ ಹೊರಬಿದ್ದ ತೀರ್ಪುಗಳು ಹಲವು ಬಾರಿ ತಪ್ಪಾದವು: ಗಾಬರಿಯ ಖರೀದಿ ಎನಿಸಿಕೊಂಡ ಆರ್ಟೆಟಾ ಮುಂದೆ ನಾಯಕರೂ ಮ್ಯಾನೇಜರೂ ಆದರು, ದಾಖಲೆ ಬೆಲೆಯ ಪೆಪೆ ನಿರಾಸೆ ತಂದರು. ಹೆಚ್ಚು ಖರ್ಚು ಮಾಡಿದರೆ ಹೆಚ್ಚು ಗೆಲುವು ಎಂಬ ಸರಳ ಸಮೀಕರಣ ನಿಲ್ಲಲಿಲ್ಲ.

ಆದರೆ ವ್ಯವಸ್ಥೆಯ ಕುರಿತ ದೂರುಗಳು ಹೆಚ್ಚು ಗಟ್ಟಿಯಾಗಿದ್ದವು. ಒಪ್ಪಂದಗಳು ಕೊನೆಯ ವರ್ಷಕ್ಕೆ ಬರುವವರೆಗೆ ಬಿಟ್ಟದ್ದರಿಂದ ನಸ್ರಿ ಮತ್ತು ವಾನ್ ಪರ್ಸಿ ಅವರನ್ನು ಎದುರಾಳಿಗಳಿಗೆ ಮಾರಬೇಕಾಯಿತು. 2017ರಲ್ಲಿ ಸ್ಯಾಂಚೆಸ್ ಅವರ ವಿಷಯದಲ್ಲಿ ಅದೇ ಸ್ಥಿತಿ ಮರುಕಳಿಸಿತು. ಕೊರತೆ ಗೊತ್ತಿದ್ದರೂ ಖರೀದಿ ತಡವಾದದ್ದರಿಂದ ಮೊದಲ ಪಂದ್ಯಗಳಲ್ಲಿ ಅಂಕಗಳು ಹೋದವು. 2015ರಲ್ಲಿ ಮಧ್ಯಮೈದಾನವನ್ನು ಬಲಪಡಿಸದ ನಿರ್ಧಾರ, ಹತ್ತಿರ ಬಂದಿದ್ದ ಒಂದು ಪ್ರಶಸ್ತಿಯನ್ನು ದೂರ ಮಾಡಿತೆಂಬ ಅಭಿಪ್ರಾಯ ಇಂದಿಗೂ ಪ್ರಬಲವಾಗಿದೆ. ಇವೆಲ್ಲದರ ಆಳದಲ್ಲಿದ್ದ ಪ್ರಶ್ನೆ ಆಟಗಾರರದ್ದಷ್ಟೇ ಆಗಿರಲಿಲ್ಲ. ಹಣ, ಸಮಯ ಮತ್ತು ನಿಷ್ಠೆಯನ್ನು ಮೊದಲೇ ಒಪ್ಪಿಸಿದ ಜನರಿಗೆ, ಆ ಹಣದ ಬಳಕೆಯ ಬಗ್ಗೆ ಉತ್ತರ ಕೇಳುವ ಅಧಿಕಾರ ಎಲ್ಲಿಯವರೆಗೆ ಇದೆ ಎಂಬುದೇ ಆ ಪ್ರಶ್ನೆ. 2018ರ ಬಳಿಕ ಆರ್ಸೆನಲ್‌ನಲ್ಲಿ ಆ ಅಧಿಕಾರ ಕಾನೂನಿನ ರೂಪದಲ್ಲಿ ಉಳಿದಿಲ್ಲ. ಉಳಿದಿರುವುದು ಕ್ರೀಡಾಂಗಣದೊಳಗಿನ ದನಿ ಮಾತ್ರ.